ಹಳೇಕೋಟೆಯಿಂದ ಬಂದ ಕಾವಲಿ

ನಮ್ಮಕ್ಕ ಗಂಡನ ಮನೆ ಬಿಟ್ಟು ಬಂದು ಒಂದು ವರ್ಷವಾದ ಮೇಲೆ ಅವಳ ಹಿಂದೆಯೇ ಅವಳ ದೋಸೆ ಕಾವಲಿಯೂ ಬಂತು. ಯುದ್ಧದ ಕಾಲ. ಅವಳ ಗಂಡನ ಊರು ಹಳೇಕೋಟೆಯಿಂದ ಚನ್ನರಾಯಪಟ್ಟಣಕ್ಕೆ ಕಾಯಿ ಹೇರಿಕೊಂಡು ಬರುತ್ತಿದ್ದ ಗಾಡಿಯವನು ಗೋಣಿತಾಟಿನಲ್ಲಿ ಸುತ್ತಿದ್ದ ಅದನ್ನು ನಮ್ಮ ಜಗಲಿಯ ಮೇಲೆ ಧೊಪ್ಪನೆ ಇಳಿಸಿ, ಒಂದು ಚೊಂಬು ನೀರು ಕುಡಿದು, ವಿಷಯ ಹೇಳಿದ. ಹಬ್ಬಕ್ಕೆಂದು ಪಾತ್ರೆ ಬೆಳಗುವಾಗ ಹೊಸ ಸೊಸೆ ಹಿತ್ತಾಳೆ ತಪ್ಪಲೆಗಳ ಜೊತೆ ಕಾವಲಿಯನ್ನೂ ಹುಣಸೆಹಣ್ಣು, ಬೂದಿ, ಇಟ್ಟಿಗೆ ಪುಡಿ ಹಾಕಿ ತಿಕ್ಕಿಬಿಟ್ಟಳಂತೆ. ಅಂದಿನಿಂದ ಒಂದು ದೋಸೆಯೂ ಎದ್ದು ಬಂದಿಲ್ಲವಂತೆ. ದೊಡ್ಡ ಸೊಸೆಯೇ ಪಳಗಿಸಿಕೊಡಬೇಕು ಎಂದು ಅಕ್ಕನ ಅತ್ತೆ ಹೇಳಿಕಳಿಸಿದ್ದರು. ಪಳಗಿದ ಮೇಲೆ ಭಾವನೇ ಬರುತ್ತಾನಂತೆ.

ಹೊಸ ಸೊಸೆ ಎಂದರೆ ಭಾವನ ಸೋದರಮಾವನ ಮಗಳು. ಅಕ್ಕನಿಗೆ ಏಳು ವರ್ಷ ಮಕ್ಕಳಾಗಲಿಲ್ಲ, ಅವನು ಇವಳನ್ನು ಕಟ್ಟಿಕೊಂಡ. ಅಕ್ಕನನ್ನು ಯಾರೂ ಬಯ್ಯಲಿಲ್ಲ, ಹೊಡೆಯಲಿಲ್ಲ. ನಾಲ್ಕು ದಿನ ತವರಿನಲ್ಲಿ ಇದ್ದು ಬಾ ಎಂದು ನಯವಾಗಿ ಕಳಿಸಿಕೊಟ್ಟರು. ಬಯ್ದಿದ್ದರೆ ಜಗಳವನ್ನಾದರೂ ಮಾಡಬಹುದಿತ್ತು. ಆ ನಯವಂತಿಕೆ ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಆಗ ನನಗೆ ಹದಿಮೂರು. ನಮ್ಮ ಕಡೆ ತವರಿಗೆ ಬಂದು ಕೂತ ಹೆಣ್ಣನ್ನು ಕರೆಯಲು ಮೈದುನನೋ ಮಾವನೋ ಬಂದರೆ ಅದು ಬರೀ ಮಾತುಕತೆ. ಗಂಡನೇ ಬಂದು ಊಟ ಮಾಡಿ ಎದ್ದರೆ ಅವಳು ಅವನ ಹಿಂದೆ ಹೊರಟಳೆಂದೇ ಲೆಕ್ಕ. ಅದಕ್ಕೇ ಗಾಡಿಯವನ ಕೊನೆಯ ಮಾತು ಕೇಳಿದ್ದೇ ಅವ್ವ ದೇವರ ಗೂಡಿನ ಕಡೆ ತಿರುಗಿ ಕೈಮುಗಿದಳು. ಅಕ್ಕ ಗೋಣಿ ಬಿಚ್ಚಿದಳು.

ಅದು ಎರಕ ಹೊಯ್ದ ಬೀಡುಕಬ್ಬಿಣದ ಕಾವಲಿ, ಎರಡೂ ಕಡೆ ಕಿವಿ ಇದ್ದ ಭಾರದ್ದು. ಅಕ್ಕ ಅದರಲ್ಲಿ ರೊಟ್ಟಿ ತಟ್ಟಲು ಬಿಡುತ್ತಿರಲಿಲ್ಲ, ನೀರು ಸೋಕಿಸುತ್ತಿರಲಿಲ್ಲ. ಕೆಲಸವಾದ ಮೇಲೆ ಬಟ್ಟೆಯಲ್ಲಿ ಒರೆಸಿ ಗೋಡೆಗೆ ಒರಗಿಸಿದರೆ ಮುಗಿಯಿತು. ಏಳು ವರ್ಷದಲ್ಲಿ ಅದು ಕಪ್ಪಗೆ ನುಣ್ಣಗಾಗಿತ್ತು. ಈಗ ನೋಡಿದರೆ ಬಿಳಿಚಿಕೊಂಡು, ನಡುವೆ ಕೆಂಪಗೆ ತುಕ್ಕು ಹಿಡಿದಿತ್ತು. ತಾನು ತವರಿಗೆ ಬಂದ ದಿನವೂ ಅಳದ ಅಕ್ಕ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

ಮಾರನೆಯ ದಿನದಿಂದ ಕೆಲಸ ಶುರುವಾಯಿತು. ಮೂರು ದಿನ ಅಕ್ಕಿ ತೊಳೆದ ಕಲಗಚ್ಚಿನಲ್ಲಿ ನೆನೆಹಾಕಿ ತುಕ್ಕು ಬಿಡಿಸಿದಳು. ಆಮೇಲೆ ದಿನಾ ಬೆಳಿಗ್ಗೆ ತೆಳ್ಳಗೆ ಹುಚ್ಚೆಳ್ಳೆಣ್ಣೆ ಸವರಿ ಬಿಸಿಲಿಗಿಡುವುದು, ಸಂಜೆ ಸಣ್ಣ ಉರಿಯಲ್ಲಿ ಹೊಗೆಯಾಡುವವರೆಗೆ ಕಾಯಿಸುವುದು, ಈರುಳ್ಳಿ ಹೋಳಿಗೆ ಕಡ್ಡಿ ಚುಚ್ಚಿ ಉಜ್ಜುವುದು. ಎಣ್ಣೆ ಜಾಸ್ತಿಯಾದರೆ ಅಂಟಂಟು, ಉರಿ ಜಾಸ್ತಿಯಾದರೆ ಹತ್ತಿದ ಪದರವೂ ಎದ್ದುಹೋಗುತ್ತದೆ. ಒಗ್ಗರಣೆಗೆ ಹನಿ ಲೆಕ್ಕದಲ್ಲಿ ಎಣ್ಣೆ ಬಿಡುತ್ತಿದ್ದ ಅವ್ವ ಗಿಂಡಿಯನ್ನೇ ಅಕ್ಕನ ಮುಂದಿಟ್ಟಳು. ಅವ್ವನ ಧಾರಾಳ ನೋಡಿ ನನಗೆ ದಿಗಿಲಾಯಿತು.

ಮೊದಲ ದೋಸೆಗಳು ಹರಿದು ಚಿಂದಿಯಾದವು, ತುಕ್ಕಿನ ವಾಸನೆಗೆ ಬಾಯಿಗಿಡಲಾಗದೆ ಹಸುವಿಗೆ ಹಾಕಿದೆವು. ಅಕ್ಕನಿಗೆ ಮಾತ್ರ ಬೇಸರವೇ ಇಲ್ಲ. ದಿನ ಕಳೆದಂತೆ ಕಾವಲಿಗೂ ಅವಳಿಗೂ ಒಟ್ಟಿಗೇ ಕಳೆ ಬಂತು. ತಲೆ ಬಾಚಿ ಹೂ ಮುಡಿಯತೊಡಗಿದಳು, ಹಳೆಯ ರವಿಕೆಗಳ ಹೊಲಿಗೆ ಬಿಚ್ಚಿ ಮತ್ತೆ ಹೊಲಿದುಕೊಂಡಳು. ನನಗೆ ಸಿಟ್ಟು ತಡೆಯಲಾಗಲಿಲ್ಲ. ಪಳಗಿಲ್ಲ ಅಂತ ಹೇಳಿಕಳಿಸು, ಮಣ್ಣಿನ ಹೆಂಚಲ್ಲೇ ಸುಟ್ಟುಕೊಂಡು ತಿನ್ನಲಿ ಎಂದೆ. ಅಕ್ಕ ಕೈಯಲ್ಲಿದ್ದ ಈರುಳ್ಳಿ ನಿಲ್ಲಿಸಿ ನನ್ನನ್ನೇ ನೋಡಿದಳು.

"ಪಳಗ್ದಿದ್ರೆ ಅವ್ರು ಬರಾಕಿಲ್ಲ ಕಣೆ," ಅಂದಳು.

ತಿಂಗಳು ತುಂಬುವ ಹೊತ್ತಿಗೆ ದೋಸೆ ತನ್ನಷ್ಟಕ್ಕೆ ಅಂಚು ಬಿಟ್ಟುಕೊಂಡು ಎದ್ದು ಬಂತು. ಗಾಡಿಯವನ ಕೈಲಿ ಹೇಳಿಕಳಿಸಿದೆವು.

ಭಾವ ಒಂದು ವಾರದಲ್ಲೇ ಬಂದ. ಪೆಟ್ರೋಲು ಸಿಗದೆ ಆಗ ಓಡುತ್ತಿದ್ದುದು ಇದ್ದಿಲ ಬಸ್ಸು, ಪಂಚೆಗೆಲ್ಲ ಮಸಿ. ಅಕ್ಕ ಮದುವೆಯ ಸೀರೆ ಉಟ್ಟು ಒಲೆ ಮುಂದೆ ಕೂತಿದ್ದಳು. ಅಕ್ಕಿ ಸಿಗುವುದೇ ಕಷ್ಟವಾಗಿದ್ದ ಕಾಲದಲ್ಲಿ ಅವ್ವ ಹಬ್ಬಕ್ಕೆ ಎತ್ತಿಟ್ಟಿದ್ದರಲ್ಲಿ ಒಂದು ಸೇರು ಉಳಿಸಿ ಮಿಕ್ಕಿದ್ದನ್ನೆಲ್ಲ ನೆನೆಹಾಕಿ ರುಬ್ಬಿದ್ದಳು. ಭಾವ ಎಂಟು ದೋಸೆ ತಿಂದ. ಒಂಬತ್ತನೆಯದಕ್ಕೆ ಸಾಕು ಎಂದು ಕೈ ಅಡ್ಡ ಹಿಡಿದು, ಈ ರುಚಿ ನೋಡಿ ವರ್ಷವಾಯಿತು ಎಂದ. ಒಳಗೆ ಅಕ್ಕನ ಟ್ರಂಕು ಬೀಗ ಹಾಕಿ ಸಿದ್ಧವಾಗಿತ್ತು. ಅವನು ಕೈ ತೊಳೆದು ಬರುವಷ್ಟರಲ್ಲಿ ಅವ್ವ ಮಗಳ ಮಡಿಲು ತುಂಬಲು ಅಕ್ಕಿ, ಬೆಲ್ಲ, ಕೊಬ್ಬರಿ ಇಟ್ಟ ಮೊರ ಹಿಡಿದು ಪಡಸಾಲೆಗೆ ಬಂದಳು, ಅಕ್ಕನೂ ಬಂದು ಮಣೆಯ ಮೇಲೆ ಕೂತಳು.

ಭಾವ ಮೊರ ನೋಡಿದ, ಅಕ್ಕನ ಸೀರೆ ನೋಡಿದ. ಅವನೇನು ಕಟುಕನಲ್ಲ, ಮುಖ ಸಣ್ಣಗಾಯಿತು.

"ಇದೆಲ್ಲ ಯಾಕತ್ತೆ," ಅಂದ. "ನಾನ್ ಬಂದಿದ್ದು ಕಾವಲಿಗೆ. ಅವ್ಳಿಗೀಗ ಐದ್ ತಿಂಗ್ಳು. ದ್ವಾಸೆ ಬೇಕು ಅಂತ ಒಂದೇ ಸಮ್ನೆ ಕೇಳ್ತಾವ್ಳೆ."

ಅವ್ವ ಮೊರ ಹಿಡಿದುಕೊಂಡೇ ನಿಂತಳು. ನಾನು ಅಡಿಗೆಮನೆಗೆ ಹೋಗಿ ಕಾವಲಿಗೆ ಒಂದು ಬಿಂದಿಗೆ ತಣ್ಣೀರು ಸುರಿದುಬಿಡಬೇಕು ಅಂದುಕೊಂಡೆ. ಕಾದ ಬೀಡು ಫಟ್ಟನೆ ಸೀಳಿಹೋಗುತ್ತದೆ, ಪೀಡೆ ತೊಲಗುತ್ತದೆ. ಅಷ್ಟರಲ್ಲಿ ಅಕ್ಕ ಎದ್ದು ಒಳಗೆ ಹೋದಳು. ಕಾವಲಿ ಆರುವವರೆಗೆ ಅದರ ಪಕ್ಕದಲ್ಲೇ ಕೂತಿದ್ದು, ಒರೆಸಿ, ಎಣ್ಣೆ ಸವರಿ, ಗೋಣಿಯಲ್ಲಿ ಸುತ್ತಿ ತಂದು ಅವನ ಕೈಗೆ ಕೊಟ್ಟಳು. ಬಸುರಿ ಹೆಂಗಸು ಭಾರದ್ದನ್ನು ಎತ್ತಬಾರದು, ನೀವೇ ಎತ್ತಿಕೊಡಿ ಎಂದು ಹೇಳಿದಳು. ಅವನು ತಲೆ ಬಗ್ಗಿಸಿಕೊಂಡು ಹೊಸ್ತಿಲು ದಾಟಿ, ಜಗಲಿಯಲ್ಲಿ ತಿರುಗಿ ನಿಂತು ಕೇಳಿದ.

"ತಿರ್ಗಾ ಕೆಟ್ರೆ ಕಳಿಸ್ಲಾ?"

"ಕಳ್ಸಿ," ಅಂದಳು ಅಕ್ಕ.

ಆ ಒಂದು ಮಾತಿಗೆ ನಾನು ಅವಳ ಜೊತೆ ಎಷ್ಟೋ ದಿನ ಮಾತು ಬಿಟ್ಟಿದ್ದೆ. ಅವಳು ಸಮಾಧಾನ ಮಾಡಲೂ ಬರಲಿಲ್ಲ. ಟ್ರಂಕಿನಿಂದ ಸೀರೆಗಳನ್ನು ಒಂದೊಂದಾಗಿ ತೆಗೆದು ಬಟ್ಟೆ ಹಾಕುವ ಬಿದಿರು ಗಳುವಿನ ಮೇಲೆ ಹಾಕಿಕೊಂಡಳು.

ಆಮೇಲೆ ಎರಡು ಸಲ ಕಾವಲಿ ಬಂತು. ಎರಡು ಸಲವೂ ಅಕ್ಕ ತಿಂಗಳುಗಟ್ಟಲೆ ಕೂತು ಪಳಗಿಸಿದಳು. ತಂದವನೂ ಗಾಡಿಯವನೇ, ಒಯ್ದವನೂ ಗಾಡಿಯವನೇ. ಗಂಡ ಬರುವ ಅಗತ್ಯವಿಲ್ಲ ಎಂಬುದು ಹಳೇಕೋಟೆಯವರಿಗೂ ತಿಳಿದುಹೋಗಿತ್ತು.