ಹೆಬ್ಬೂರಿನಲ್ಲಿ ಬಸ್ಸು ನಿಲ್ಲಿಸಿದ ದಿನ

ತುಮಕೂರಿಗೆ ಬಂದ ವಾರದಲ್ಲೇ ನಾನು ಊಟ ಮಾಡುವುದನ್ನು ಹೊಸದಾಗಿ ಕಲಿಯಬೇಕಾಯಿತು. ರಾಗಿ ಮುದ್ದೆ ಅಗಿಯುತ್ತಿದ್ದ ನನ್ನನ್ನು ನೋಡಿ ಡ್ರೈವರ್ ಗಂಗಣ್ಣ, "ಅಗೀಬ್ಯಾಡ ಕಣಮ್ಮ, ನುಂಗು" ಅಂದರು. ಅವರು ಗುಬ್ಬಿಯವರು. ನಾನು ವಿಜಯಪುರದ ಕಡೆಯವಳು, ಜೋಳದ ಕಟಕ್ ರೊಟ್ಟಿ ಕಡಿದು ಬೆಳೆದವಳು. ಕಂಡಕ್ಟರ್ ಕೆಲಸ ಸಿಕ್ಕು ತುಮಕೂರು–ಕುಣಿಗಲ್ ಬಸ್ಸು ಹತ್ತಿದ್ದೆ.

ಆರು ತಿಂಗಳಲ್ಲಿ ಮಲದಲ್ಲಿ ರಕ್ತ ಕಂಡಿತು. ಡಾಕ್ಟರು ಕರುಳಿನ ಉರಿಯೂತ ಎಂದರು. ದಿನಕ್ಕೆ ಹತ್ತು ಸಲ ಓಡಬೇಕು. ನನ್ನ ಬಾಡಿಗೆ ಕೋಣೆ ಇದ್ದಲ್ಲೋ ಮೂರು ಮನೆಗೆ ಸೇರಿ ಒಂದೇ ಶೌಚಾಲಯ. ಒಂದು ದಿನ ಕುಣಿಗಲ್ ಇನ್ನೂ ದೂರ ಇರುವಾಗಲೇ ಬಸ್ಸಿನಲ್ಲಿ ತಡೆಯಲಾಗಲಿಲ್ಲ. ಆಮೇಲೆ ರಜೆ ಹಾಕಿ ಗೋಡೆಗೆ ಮುಖ ಮಾಡಿ ಮಲಗಿದೆ. ಔಷಧಿಯಿಂದ ರಕ್ತ ನಿಂತರೂ ನಾನು ಏಳಲಿಲ್ಲ. ಸ್ನಾನ ಬೇಡ, ಊಟ ಬೇಡ, ಯಾರ ಮುಖವೂ ಬೇಡ.

ಡಾಕ್ಟರು ಅದನ್ನೂ ಕೇಳಿ ತಿಳಿದುಕೊಂಡರು. "ಈ ಕಾಯಿಲೆ ಇರೋರಿಗೆ ಖಿನ್ನತೆ ಬರೋದು ಜಾಸ್ತಿ. ಕರುಳು, ಮನಸ್ಸು ಒಂದನ್ನೊಂದು ಕೆಣಕ್ತವೆ. ನಿಮ್ಮ ತಪ್ಪಲ್ಲ. ಎರಡಕ್ಕೂ ಚಿಕಿತ್ಸೆ ತಗೊಳ್ಳಿ."

ಫೋನಿನಲ್ಲಿ ಅವ್ವ ಹೆದರಿದಳು. "ತಲಿ ಗುಳಗಿ ತಗೊಂಡ್ರ ಹುಚ್ಚಿ ಅಂತಾರ. ನೌಕರಿ ಬಿಟ್ಟು ಬಾ."

"ಹೊಟ್ಟಿ ಗುಳಗಿಗೆ ಇಲ್ಲದ ನಾಚಿಕಿ ಇದಕ್ಯಾಕವ್ವಾ? ನಾ ಬರಂಗಿಲ್ಲ."

ಒಳಗೇ ಶೌಚಾಲಯ ಇರುವ ಕೋಣೆ ಹುಡುಕಿ ಸೇರಿಕೊಂಡೆ. ಎರಡೂ ಗುಳಿಗೆ ನುಂಗುತ್ತಾ ಕೆಲಸಕ್ಕೆ ಮರಳಿದೆ. ಮೂರನೇ ದಿನ ಹೆಬ್ಬೂರಿನಲ್ಲಿ ಹೊಟ್ಟೆ ಹಿಂಡಿತು. ಬಸ್ಸು ನಿಲ್ಲಿಸಲು ಗಂಗಣ್ಣನಿಗೆ ಹೇಳಿದೆ.

"ಏನ್ ಕಂಡಕ್ಟ್ರೇ, ನಮ್ಗೆ ಲೇಟಾಯ್ತದೆ" ಅಂದರು ಒಬ್ಬರು.

ಹಿಂದೆ ಆಗಿದ್ದರೆ ತಲೆ ತಗ್ಗಿಸುತ್ತಿದ್ದೆ. ಅಂದು ಸೀಟುಗಳ ನಡುವೆ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದೆ: "ನನಗೆ ಕರುಳಿನ ಕಾಯಿಲೆ ಇದೆ. ಶೌಚಾಲಯಕ್ಕೆ ಹೋಗಿ ಬರ್ತೀನಿ. ಅವಸರ ಇರೋರು ಹಿಂದೆ ಬರೋ ಬಸ್ಸಿಗೆ ಹೋಗಿ."

ಯಾರೂ ಇಳಿಯಲಿಲ್ಲ. ಮುಂದಿನ ಸೀಟಿನ ಹೆಂಗಸು, "ಹೋಗ್ಬುಟ್ಟು ಬಾರವ್ವ, ಬಸ್ಸೇನು ಓಡೋಗಲ್ಲ" ಅಂದಳು. ಬುಟ್ಟು ಅಂದರೆ ಬಿಟ್ಟು. ನಮ್ಮಲ್ಲಿ ಹಾಗೆ ಅಂದರೆ ನಗುತ್ತಾರೆ. ನನಗೆ ಅಳು ಬಂತು.

ಕೆಟ್ಟ ದಿನಗಳು ಈಗಲೂ ಬರುತ್ತವೆ. ಬಂದರೆ ಬರಲಿ, ನಾನು ಡ್ಯೂಟಿಗೆ ಹೋಗುತ್ತೇನೆ. ಆಗದಿದ್ದರೆ ಕಾರಣ ಬರೆದೇ ರಜೆ ಹಾಕುತ್ತೇನೆ.

ಊರ ಕಡೆಗೆ ವರ್ಗಾವಣೆ ಕೇಳುವ ಅರ್ಜಿ ತುಂಬಿಟ್ಟಿದ್ದೇನೆ, ಕೊಟ್ಟಿಲ್ಲ. ಊರಿಗೆ ಹೋದಾಗ ಅವ್ವನ ಸಲುವಾಗಿ ಖಿನ್ನತೆಯ ಗುಳಿಗೆಯನ್ನು ಸೀರೆಯ ಮಡಿಕೆಯಲ್ಲಿ ಬಚ್ಚಿಡುತ್ತೇನೆ. ಇಲ್ಲಿ ಅದು ಕಿಟಕಿಯಲ್ಲಿ, ಬಂದವರಿಗೆಲ್ಲ ಕಾಣುವಂತೆ ಇರುತ್ತದೆ. ಆದರೂ ನಿಲ್ದಾಣಕ್ಕೆ ವಿಜಯಪುರದ ಬಸ್ಸು ಬಂದರೆ, ಅದರ ಕಂಡಕ್ಟರನ್ನು "ಆರಾಮಿದ್ದೀರೇನ್ರಿ?" ಅಂತ ಕೇಳದೆ ಮುಂದೆ ಹೋಗಲು ನನ್ನಿಂದಾಗುವುದಿಲ್ಲ.