ಎಡಗಡೆಯ ಅಳತೆ

ಅತ್ತೆಯ ಬಾಯಿಗೆ ಬೀಗವಿಲ್ಲ ಎಂಬುದು ಬೀದಿಗೆಲ್ಲ ಗೊತ್ತು. ಆದರೆ ಆ ಬೆಳಿಗ್ಗೆ ಹೊಲಿಗೆ ಅಂಗಡಿಯಲ್ಲಿ ಸೊಸೆ ಮತ್ತೆ ಕತ್ತರಿ ಹಿಡಿದಾಗ ಅವರು ತುಟಿಪಿಟಿಕ್ಕೆನ್ನದೆ ಗುಂಡಿ ಹಚ್ಚುತ್ತ ಕೂತಿದ್ದರು.

ಸೊಸೆಗಿನ್ನೂ ಮೂವತ್ತೊಂದು. ಎಡ ಎದೆಯಲ್ಲಿ ಗಂಟು ಸಿಕ್ಕಿದಾಗ, "ಈ ವಯಸ್ಸಿಗೆಲ್ಲ ಅದು ಬರಲ್ಲ ಬಿಡು" ಎಂದಿದ್ದವರು ಅತ್ತೆಯೇ. ಬಂದಿತ್ತು. ಆ ಸ್ತನವನ್ನೇ ತೆಗೆದರು, ಔಷಧಿಗೆ ಕೂದಲೂ ಉದುರಿತು. ಆಮೇಲೆ ಅವಳು ಅಂಗಡಿಯತ್ತ ತಲೆಹಾಕಿರಲಿಲ್ಲ. ಇನ್ನು ಈ ಹುಡುಗಿ ಮೇಜಿನ ಮುಂದೆ ನಿಲ್ಲುತ್ತಾಳೋ ಇಲ್ಲವೋ ಎಂಬ ಒಂದೇ ಚಿಂತೆ ಅತ್ತೆಯನ್ನು ಕೊರೆಯುತ್ತಿತ್ತು.

ಈಗ ಬಂದವಳು ತನಗೇ ಒಂದು ಅಂಗಿ ಹೊಲಿದುಕೊಳ್ಳಲು ಹೊರಟಳು. ಕೈ ತನ್ನ ಪಾಡಿಗೆ ಬಟ್ಟೆಯನ್ನು ನಡುವೆ ಮಡಿಸಿತು, ಎರಡೂ ಪದರವನ್ನು ಒಟ್ಟಿಗೇ ಕತ್ತರಿಸಿತು. ಇಷ್ಟು ವರ್ಷ ಎಲ್ಲರಿಗೂ ಹಾಗೇ ಕತ್ತರಿಸಿದ ಕೈ ಅದು. ಹೊಲಿದು, ತೊಟ್ಟು, ಕನ್ನಡಿಯ ಮುಂದೆ ನಿಂತಾಗ ಎಡಗಡೆ ಬಟ್ಟೆ ಜೋತುಬಿದ್ದಿತ್ತು.

ಮುಗಿಯಿತು, ಇನ್ನು ಇವಳು ಕತ್ತರಿ ಮುಟ್ಟುವುದಿಲ್ಲ ಎಂದು ಅತ್ತೆ ಅಂದುಕೊಂಡರು. ತಾವು ಕದ್ದುಮುಚ್ಚಿ ಹೊಲಿದಿಟ್ಟಿದ್ದ ಹತ್ತಿಯ ಪುಟ್ಟ ಮೆತ್ತೆಯನ್ನು ಗುಂಡಿ ಡಬ್ಬಿಯ ತಳದಿಂದ ತೆಗೆದು ಚಾಚಿದರು.

"ಇದನ್ನ ಒಳಗಿಟ್ಕೊ. ಯಾರಿಗೂ ಗೊತ್ತಾಗಲ್ಲ."

ಸೊಸೆ ಅದನ್ನು ಅಂಗೈಯಲ್ಲಿ ಒತ್ತಿ ನೋಡಿದಳು. "ಕೆಲಸ ಅಚ್ಚುಕಟ್ಟಾಗಿದೆ ಅತ್ತೆ. ಆದ್ರೆ ನಾನು ಬಂದ ಹೊಸದ್ರಲ್ಲಿ ಆ ಗೂನುಬೆನ್ನಿನ ಮೇಷ್ಟ್ರ ಕೋಟು ಸರಿಯಾಗಿ ಕೂರ್ಲಿಲ್ಲ ಅಂತ ಎಷ್ಟು ಬೈದಿದ್ರಿ, ನೆನಪಿದ್ಯಾ?"

ನೆನಪಿಲ್ಲದೆ ಏನು. ತಪ್ಪು ಮೇಷ್ಟ್ರ ಬೆನ್ನಿನದಲ್ಲ, ನಿನ್ನ ಕತ್ತರೀದು ಎಂದು ಗಿರಾಕಿಗಳ ಮುಂದೆಯೇ ಜಾಡಿಸಿದ್ದರು.

"ಅಳತೆ ನೀವೇ ತಗೊಳ್ಳಿ," ಎಂದು ಸೊಸೆ ಟೇಪು ಕೊಟ್ಟಳು. "ಎಡಗಡೇದು ಬೇರೆಯಾಗಿ."

ಪರದೆಯ ಹಿಂದೆ, ಗಾಯದ ಗೆರೆಯ ಮೇಲೆ ಟೇಪು ಇಡುವಾಗ ಎಷ್ಟೋ ಮೈಗಳ ಅಳತೆ ಹಿಡಿದ ಅತ್ತೆಯ ಬೆರಳುಗಳು ಅದನ್ನು ತಾಕಿಯೂ ತಾಕದಂತೆ ಎಳೆದವು. ಸೊಸೆ ಮಾತ್ರ ಗಿರಾಕಿಗಳಿಗೆ ಹೇಳಿಕೊಡುವ ಹಾಗೆಯೇ ಭುಜ ಸಡಿಲಬಿಟ್ಟು ನೆಟ್ಟಗೆ ನಿಂತಳು. ಇಷ್ಟು ಧೈರ್ಯ ಇದೇ ಮನೆಯಲ್ಲಿ, ತಮ್ಮದೇ ಬೈಗುಳ ತಿನ್ನುತ್ತ ಓಡಾಡಿಕೊಂಡಿತ್ತೇ ಎಂದು ಅತ್ತೆ ಬೆರಗಾದರು. ಕಣ್ಣು ತುಂಬಿ ಟೇಪಿನ ಅಂಕಿ ಕಾಣಲಿಲ್ಲ. ಕಣ್ಣೊರೆಸಿಕೊಂಡು ಮತ್ತೊಮ್ಮೆ ಅಳೆದರು.

ಸೊಸೆ ಹೊಲಿಗೆ ಬಿಚ್ಚಿ, ಎಡಭಾಗವನ್ನಷ್ಟೇ ಬಿಡಿಯಾಗಿ ಮೇಜಿನ ಮೇಲೆ ಹರಡಿದಳು. ಗುಂಡುಸೂಜಿಗಳನ್ನು ಅತ್ತೆಯ ಮೆತ್ತೆಗೆ ಒಂದೊಂದಾಗಿ ಚುಚ್ಚಿಟ್ಟು, ಕತ್ತರಿ ಎತ್ತಿಕೊಂಡಳು.