ಕಾಡವ್ವ ಗುಡ್ಡ ಹತ್ತಿದ ಬುಧವಾರ

ಉಗರಗೋಳದಿಂದ ಯಲ್ಲಮ್ಮನ ಗುಡ್ಡಕ್ಕೆ ಹೋಗುವ ದಾರಿಯ ಮೇಲೆ ಕಾಡವ್ವನ ಅಂಗಡಿ. ಕಾಯಿ, ಬಾಳೆಹಣ್ಣು, ಭಂಡಾರದ ಅರಿಶಿನ, ಹಸಿರು ಬಳೆ, ಇಷ್ಟೇ ಸಾಮಾನು. ಆದರೆ ಜನ ಅಲ್ಲಿ ನಿಲ್ಲುವುದು ಸಾಮಾನಿಗಲ್ಲ, ಕಾಡವ್ವನ ಮೇಲಿನ ಭರವಸೆಗೆ. ಬರಿಗಾಲಲ್ಲಿ ಗುಡ್ಡ ಹತ್ತುವವರು ಒಂದು ಕಾಯಿ ಕೊಂಡು ಚಪ್ಪಲಿ, ಚೀಲ, ಕೊಡೆ ಎಲ್ಲವನ್ನೂ ಅವಳ ಮುಂದೆ ಬಿಟ್ಟು ಹೋಗುತ್ತಾರೆ. ನಿದ್ದೆ ಹತ್ತಿದ ಕೂಸನ್ನು ಮಲಗಿಸಿ ಹೋದವರೂ ಇದ್ದಾರೆ. ಚೀಟಿ ಇಲ್ಲ, ಗುರುತು ಇಲ್ಲ. ಇಳಿದು ಬಂದವರ ಮುಖ ಕಂಡ ಕೂಡಲೇ ಅವರವರದು ಅವರವರ ಮುಂದೆ ಬಂದು ಕೂಡುತ್ತದೆ. ನಲವತ್ತೊಂದು ವರ್ಷದಲ್ಲಿ ಒಂದು ಜೋಡೂ ಅದಲುಬದಲು ಆಗಿಲ್ಲ.

ಹಾಗೆ ಕಾಯುತ್ತ ಕುಳಿತವಳ ಕಿವಿಗೆ ಬೀಳದ ಸುದ್ದಿ ಇಲ್ಲ. ಕೊಲ್ಲಾಪುರದವರು, ಮಿರಜದವರು, ಬಾಗಲಕೋಟೆಯವರು ಕಾಲು ಚಾಚಿ ಕುಳಿತು ತಾವು ನೋಡಿ ಬಂದದ್ದನ್ನು ಹೇಳುವರು.

“ಸೊಗಲದಾಗ ನೀರ ಧುಮುಕೂದ ನೋಡಬೇಕ ನೋಡ್ರಿ. ನವಿಲುತೀರ್ಥದಾಗಂತೂ ಕಣ್ಣು ಹರಿಯೂ ತನಕ ನೀರ. ನೀವು ಇಲ್ಲೇ ಬಾಜೂಕ ಇದ್ದವರು, ಎಷ್ಟ ಸಲ ನೋಡೀರೋ ಏನೋ!”

“ಹೂಂ,” ಅನ್ನುತ್ತಿದ್ದಳು ಕಾಡವ್ವ.

ಒಂದು ಸಲವೂ ನೋಡಿರಲಿಲ್ಲ. ಮಂಗಳವಾರ, ಶುಕ್ರವಾರ, ಹುಣ್ಣಿಮೆ ಎಂದರೆ ಉಸಿರಾಡಲು ಪುರಸೊತ್ತಿಲ್ಲ. ಉಳಿದ ದಿನ ಸಂತೆ, ಬಾಣಂತನ, ಮದುವೆ ಮನೆ. ನವಿಲುತೀರ್ಥದ ಮಣ್ಣಿನ ದಾರಿ ಬಸ್ಸಿನ ಕಿಟಕಿಯಿಂದ ಕಂಡಿದ್ದಳು, ನೀರು ಕಂಡಿರಲಿಲ್ಲ. ಅರವತ್ತಾರು ತುಂಬಿತು. ಆ ಸುಳ್ಳು ಹೂಂ ಈಚೆಗೆ ಅವಳಿಗೇ ಬೇಸರ ತರಿಸುತ್ತಿತ್ತು.

ಹೀಗಿರುವಾಗ ಶ್ರಾವಣ ಕಳೆದ ಮೇಲೆ ಮುನವಳ್ಳಿಯ ನಾಜಿಯಾ ಎಂಬ ಹುಡುಗಿ ಅಂಗಡಿಗೆ ಬಂದಳು. ಅವಳು ಮತ್ತು ಅವಳ ಅಣ್ಣ ಉಮೇರ ಸೇರಿ ಒಂದು ಕ್ರೂಸರ್ ಗಾಡಿಯಲ್ಲಿ ಒಂಬತ್ತು ಜನರನ್ನು ಕೂರಿಸಿಕೊಂಡು ಒಂದು ದಿನದ ಪ್ರವಾಸ ಮಾಡಿಸುತ್ತಿದ್ದರು. ಅಣ್ಣ ಗಾಡಿ ಹೊಡೆಯುವವನು, ತಂಗಿ ದಾರಿ ತೋರಿಸಿ ಹೇಳುವವಳು. ಅಂಗಡಿಯ ಕಂಬಕ್ಕೆ ಒಂದು ಕಾಗದ ಅಂಟಿಸಲೇ ಎಂದು ಕೇಳಿದಳು.

“ಅಂಟಸು. ಅಂಟಸೂಕಿಂತ ಮೊದಲ ಓದಿ ಹೇಳು,” ಎಂದಳು ಕಾಡವ್ವ.

ಕಿತ್ತೂರಿನ ತುಂಬುಗೆರೆ, ಸೊಗಲದ ಜಲಪಾತ, ನವಿಲುತೀರ್ಥದ ಅಣೆಕಟ್ಟಿನ ಗುಡ್ಡ. ನಾಜಿಯಾ ಓದಿ ಮುಗಿಸುವ ಮುಂಚೆಯೇ ಕಾಡವ್ವ ಹೇಳಿದಳು, “ಬರೂ ಬುಧವಾರ ಒಂದ ಸೀಟ ನಂದು.”

ಮಗ ಬಸವಲಿಂಗ ನಕ್ಕ. “ಯವ್ವಾ, ನಿನ್ನ ಮೊಣಕಾಲಿಗೆ ಗುಡ್ಡ ಆಗೂದಿಲ್ಲ. ಟೀವ್ಯಾಗ ತೋರಸ್ತಾರ, ನೋಡು.”

“ಟೀವ್ಯಾಗ ರೊಟ್ಟಿ ತೋರಿಸಿದ್ರ ಹೊಟ್ಟಿ ತುಂಬತೈತೇನ? ಇದ್ದಲ್ಲೇ ಹೋಗಿ ನೋಡಬೇಕ,” ಎಂದಳು. “ಮೂರೂ ನೀರ ನನ್ನ ಕಣ್ಣಿಲೆ ನೋಡೇ ಬರತೇನಿ.”

ಸೊಸೆ ಲಗಮವ್ವ ಅಂಗಡಿಯಲ್ಲಿ ಕೂಡಲು ಒಪ್ಪಿದಳು. ಬುಧವಾರ ನಸುಕಿನಲ್ಲೇ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಕಾಡವ್ವ ಸವದತ್ತಿಯ ಬಸ್ ನಿಲ್ದಾಣಕ್ಕೆ ಬಂದು ಎಲ್ಲರಿಗಿಂತ ಮೊದಲು ಗಾಡಿ ಹತ್ತಿದಳು. ಕಟಕೋಳದ ಶಟ್ಟೆವ್ವ ಪಕ್ಕದಲ್ಲಿ ಕುಳಿತಳು. ಇವಳದೇ ಓರಗೆಯವಳು, ದಾರಿಯುದ್ದಕ್ಕೂ ನಗುವ ಹೆಂಗಸು. ಬೈಲಹೊಂಗಲದಲ್ಲಿ ಶ್ರೀಶೈಲ ಮಾಸ್ತರರು ಹೆಂಡತಿ ಉಮಾಶ್ರೀಯೊಂದಿಗೆ ಹತ್ತಿದರು. ನಿವೃತ್ತಿಯಾಗಿ ಎರಡು ವರ್ಷವಾದರೂ ಮಾಸ್ತರರಿಗೆ ಗಾಡಿಯೆಲ್ಲ ತಮ್ಮ ತರಗತಿಯಂತೆಯೇ ಕಾಣುತ್ತಿತ್ತು. ಇನ್ನುಳಿದವರು ಯಾರ ಮಾತಿಗೂ ತಲೆಯಾಡಿಸುವ ಸಾಧಾರಣ ಜನ.

ಕಿತ್ತೂರಿನಲ್ಲಿ ಎಲ್ಲರೂ ಇಳಿದರು. ಕೆರೆಯ ಏರಿ ಎದುರಿಗೇ ಇತ್ತು. ಅದನ್ನು ಹತ್ತಿದರೆ ಆಚೆ ನೀರು. ಉಮೇರ ಚಹಾ ಕುಡಿಯಲು ಹೋದ. ಗಾಡಿಯ ಹಿಂದಿನ ಬಾಗಿಲಿನ ಕೊಂಡಿ ಕೆಟ್ಟಿದೆ ಎಂದು ತಿಳಿದ ಮಾಸ್ತರರು ಕೈಯಲ್ಲಿದ್ದ ಚೀಲವನ್ನು ಎಲ್ಲಿಡುವುದೆಂದು ಅತ್ತಿತ್ತ ನೋಡಿದರು. ಅಷ್ಟೇ ಸಾಕಾಯಿತು.

“ಬಿಡ್ರಿ ಇಲ್ಲೇ, ನಾ ನೋಡತೇನಿ,” ಎಂದುಬಿಟ್ಟಳು ಕಾಡವ್ವ.

ಹೇಳಬೇಕೆಂದು ಹೇಳಿದ್ದಲ್ಲ. ನಲವತ್ತೊಂದು ವರ್ಷ ದಿನಕ್ಕೆ ನೂರು ಸಲ ಹೇಳಿದ ಮಾತು, ಎದುರಿಗೆ ಚೀಲ ಹಿಡಿದ ಮನುಷ್ಯ ಕಂಡರೆ ತಾನೇ ಹೊರಗೆ ಬರುತ್ತಿತ್ತು. ಮಾಸ್ತರರ ಚೀಲದ ಹಿಂದೆ ಉಮಾಶ್ರೀಯ ಚೀಲ, ಅದರ ಹಿಂದೆ ಉಳಿದವರದು. ಕಾಡವ್ವ ಏರಿಯ ಕೆಳಗೆ ಕುಳಿತಳು. ಮೇಲಿಂದ “ಅಬ್ಬಾ, ಎಷ್ಟ ನೀರ” ಎಂಬ ದನಿ ಕೇಳಿಸಿತು. ಅವಳಿಗೆ ಕಂಡದ್ದು ಏರಿಯ ಹುಲ್ಲು.

ಬಂದ ಮೇಲೆ ಉಮಾಶ್ರೀ ಫೋನು ಮುಂದೆ ಹಿಡಿದಳು. “ನೋಡ್ರಿ ಯಕ್ಕಾ, ಎಷ್ಟ ಚಂದ ಬಂದೈತಿ.” ಅಂಗೈಯಗಲದ ಕೆರೆ. ಅದರ ಮುಂದೆ ಹಲ್ಲು ತೋರಿಸುತ್ತ ನಿಂತ ಮಾಸ್ತರರೇ ಮುಕ್ಕಾಲು ಪಾಲು.

‘ಹೋಗಲಿ, ಇನ್ನೂ ಎರಡು ಇವೆ,’ ಎಂದುಕೊಂಡಳು.

ಸೊಗಲದಲ್ಲಿ ಮಂಗಗಳು. ನಾಜಿಯಾ ಗಾಡಿಯಲ್ಲೇ ಎಚ್ಚರಿಸಿದ್ದಳು, ಬುತ್ತಿ ಬಿಟ್ಟರೆ ಉಳಿಯುವುದಿಲ್ಲ ಎಂದು. ಹೀಗಾಗಿ ಊಟದ ಗಂಟುಗಳನ್ನೆಲ್ಲ ಮರದ ಬುಡದಲ್ಲಿಟ್ಟು, ಈಗ ಯಾರು ಕಾಯುವವರು ಎಂದು ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಕಾಡವ್ವ ತುಟಿ ಬಿಗಿಹಿಡಿದಳು. ಅಷ್ಟರಲ್ಲಿ ಒಂದು ದೊಡ್ಡ ಗಡವ ಮಂಗ ಶಟ್ಟೆವ್ವನ ಗಂಟಿಗೆ ಕೈ ಹಾಕಿತು.

“ಹಚ್ಯಾ! ಹೋಗ್ರಿ ನೀವು, ನಾ ಇರತೇನಿ!” ಎಂದು ಕೋಲೆತ್ತಿ ಓಡಿದವಳೂ ಕಾಡವ್ವನೇ.

ಜನ ಮೆಟ್ಟಿಲಿಳಿದು ಹೋದರು. ನೀರು ಬೀಳುವ ಸದ್ದು ಮರಗಳ ಆಚೆಯಿಂದ ಒಂದೇ ಸಮನೆ ಬರುತ್ತಿತ್ತು. ನಡೆದರೆ ನೂರು ಹೆಜ್ಜೆ ಇರಲಿಕ್ಕಿಲ್ಲ. ಮಂಗಗಳು ಸುತ್ತುಗಟ್ಟಿ ಕುಳಿತಿದ್ದವು. ಕೋಲು ಕೆಳಗಿಟ್ಟರೆ ಒಂಬತ್ತು ಜನ ಉಪವಾಸ.

ಶಟ್ಟೆವ್ವ ಸೆರಗು ಹಿಂಡುತ್ತ ಬಂದಳು. “ನೀರ ಅಂದ್ರ ನೀರ, ಕಾಡವ್ವಾ! ಮೈ ಮ್ಯಾಲ ಮಳಿ ಬಂದಂಗ ಸಿಡೀತೈತಿ. ನೀ ಏನ, ಮಂಗ್ಯಾಗೋಳ ಕೂಡ ಬೀಗತಾನ ಮಾಡಾಕ ಬಂದೀಯೇನ?”

ಎಲ್ಲರೂ ನಕ್ಕರು. ಕಾಡವ್ವನೂ ನಕ್ಕಳು, ಆದರೆ ರೊಟ್ಟಿಯನ್ನು ಅರ್ಧಕ್ಕೇ ಮಡಿಸಿ ಗಂಟಿಗೆ ಹಾಕಿದಳು. ನಾಜಿಯಾ ಅದನ್ನು ಕಂಡು ಪಕ್ಕಕ್ಕೆ ಸರಿದು ಕುಳಿತಳು.

“ಆಯಿ, ನೀವು ಮುಂಜಾನಿಂದ ಏನೂ ನೋಡಿಲ್ಲ. ಬರ್ರಿ, ಈಗ ನಾ ಕರಕೊಂಡ ಹೋಗತೇನಿ.”

“ಗಾಡಿ ತಡಾ ಆಗ್ತೈತಿ ಅಂತ ಮಾಸ್ತರು ಗಡಿಯಾರ ನೋಡಾಕ ಹತ್ಯಾರ. ನನ್ನ ಸಲುವಾಗಿ ನೀ ಮಾತ ಕೇಳೂದ ಬ್ಯಾಡ.” ಸ್ವಲ್ಪ ತಡೆದು ಹೇಳಿದಳು, “ಯಾರ ತಪ್ಪೂ ಅಲ್ಲ ಮಗಳ. ಅವರು ಕಾಯ್ರಿ ಅಂದಿಲ್ಲ, ನಾನ ಬಿಡ್ರಿ ಅಂದೇನಿ. ನನ್ನ ನಾಲಿಗಿಗೆ ಅಂಗಡಿ ಬಿಟ್ಟ ಬಂದದ್ದ ಇನ್ನೂ ಗೊತ್ತಾಗಿಲ್ಲ. ಇನ್ನೊಂದ ಉಳದೈತಲ್ಲ, ಅದನ್ನ ಬಿಡಾಕಿ ಅಲ್ಲ.”

ಗಾಡಿ ಮುನವಳ್ಳಿ ದಾಟಿತು. ಶಟ್ಟೆವ್ವ ಎಲೆ ಅಡಿಕೆ ಕೊಟ್ಟರೆ ಕಾಡವ್ವ ಅದನ್ನು ಬಾಯಿ ತುಂಬ ಹಾಕಿಕೊಂಡಳು. ಬಾಯಿ ತುಂಬಿದ್ದರೆ ಮಾತು ಹೊರಬೀಳಲಾರದು ಎಂಬುದು ಅವಳ ಲೆಕ್ಕ.

ನವಿಲುತೀರ್ಥ ಮುಟ್ಟುವಾಗ ನಾಲ್ಕು ಗಂಟೆ. ದಾರಿಯಲ್ಲಿ ಒಂದು ಗಾಲಿಯ ಗಾಳಿ ಹೋಗಿ ಬೇರೆ ಗಾಲಿ ಹಾಕಿದ್ದರು. ಕೆಟ್ಟ ಗಾಲಿಯನ್ನು ರಿಪೇರಿ ಮಾಡಿಸಿ ತರುತ್ತೇನೆಂದು ಉಮೇರ ಎಲ್ಲರ ಸಾಮಾನು ಇಳಿಸಿ ಗಾಡಿ ತಿರುಗಿಸಿಕೊಂಡು ಹೋದ. ಗುಡ್ಡದ ಬುಡದಲ್ಲಿ ನಾಜಿಯಾ ಹೇಳಿದಳು, “ಮುಂಜಾನಿ ಮಳಿ ಆಗೇತಿ, ಬಂಡಿಗಲ್ಲ ಜಾರ್ತೈತಿ. ಜಾರೂ ಚಪ್ಪಲಿ ಇದ್ದವರು ಬಿಚ್ಚಿ ಬರಿಗಾಲಿಲೆ ಬರ್ರಿ. ಮ್ಯಾಲ ಹೋದ್ರ ಎಲ್ಲಾ ನೀರೂ ಒಂದ ಸಲ ಕಾಣ್ತೈತಿ. ಆದ್ರ ಮೋಡ ಆಗೇತಿ, ಬಿರಸ ಮಳಿ ಬಂದ್ರ ಅರ್ಧಕ್ಕ ಇಳಿಸಿಬಿಡತೇನಿ.”

ಒಬ್ಬೊಬ್ಬರೇ ಚಪ್ಪಲಿ ಬಿಚ್ಚಿದರು. ಬಿಚ್ಚಿದವರೆಲ್ಲ ಯಾರೂ ಹೇಳದಿದ್ದರೂ ಕಾಡವ್ವನ ಮುಂದೆಯೇ ತಂದು ಸಾಲಾಗಿ ಇಟ್ಟರು. ಚಪ್ಪಲಿಯ ಹಿಂದೆ ಚೀಲ, ಚೀಲದ ಮೇಲೆ ಕೊಡೆ. ಉಗರಗೋಳದ ಅಂಗಡಿಯ ಮುಂಭಾಗವೇ ಎದ್ದು ಅಲ್ಲಿಗೆ ಬಂದಂತಾಯಿತು. ಯಾವುದು ಯಾರದೆಂದು ಅವಳ ಕಣ್ಣು ಆಗಲೇ ಗುರುತು ಹಾಕಿಕೊಂಡಿತ್ತು.

“ಕುಂಡ್ರಿ ಅಕ್ಕಾರ, ನೆಳ್ಳ ಚಲೋ ಐತಿ,” ಎಂದರು ಮಾಸ್ತರರು. “ನಿಮ್ಮ ಕಾಲಿಗೆ ಈ ಗುಡ್ಡ ಆಗೂದಿಲ್ಲ. ಅರ್ಧಾ ತಾಸಿನ್ಯಾಗ ಬಂದಬಿಡತೇವಿ.”

ಕಾಡವ್ವನ ಬಾಯಿಯಲ್ಲಿ ‘ಬಿಡ್ರಿ’ ಎಂಬುದು ಅರ್ಧ ಬಂದೇಬಿಟ್ಟಿತ್ತು. ಅದನ್ನು ಎಲೆ ಅಡಿಕೆಯೊಂದಿಗೆ ಪಕ್ಕಕ್ಕೆ ಉಗುಳಿದಳು. ಬಗ್ಗಿ ಮಾಸ್ತರರ ಚಪ್ಪಲಿ ಎತ್ತಿ ಅವರ ಕೈಗೇ ಕೊಟ್ಟಳು. ಅದರ ಮೇಲೆ ಅವರ ಚೀಲ. ಆಮೇಲೆ ಉಮಾಶ್ರೀಯದು. ಆಮೇಲೆ ಉಳಿದವರದು. ಒಂದೂ ತಪ್ಪಲಿಲ್ಲ, ಯಾರನ್ನೂ ಕೇಳಲಿಲ್ಲ. ಕೊನೆಗೆ ತನ್ನ ಚಪ್ಪಲಿಯನ್ನು ಸೆರಗಿನ ತುದಿಗೆ ಕಟ್ಟಿ ಬೆನ್ನಿಗೆ ಹಾಕಿಕೊಂಡಳು.

“ಇದೇನ್ರಿ?” ಮಾಸ್ತರರು ಎರಡೂ ಕೈ ತುಂಬಿಕೊಂಡು ನಿಂತಿದ್ದರು.

“ನಾನೂ ನಿಮ್ಹಂಗ ಪ್ರವಾಸಕ್ಕ ಬಂದೇನ್ರಿ ಮಾಸ್ತರ. ಅಂಗಡಿ ಉಗರಗೋಳದಾಗ ಐತಿ, ಇಲ್ಲಿ ಇಲ್ಲ.”

“ಮತ್ತ ಇದನ್ನೆಲ್ಲಾ ಕಾಯವರು ಯಾರು?”

“ಹೊತ್ತವರ ಕಾಯತಾರ. ನಡೀರಿ, ಮೋಡ ಬರಾಕ ಹತ್ತೈತಿ.”

ಶಟ್ಟೆವ್ವ ಹೊಟ್ಟೆ ಹಿಡಿದು ನಕ್ಕಳು. “ಚಲೋ ಮಾಡಿದಿ ನೋಡು! ಬೆಳಗಿಂದ ಈ ಮಾತ ಎಲ್ಲಿ ಇಟ್ಟಿದ್ದಿ?” ಎಂದು ತಾನೂ ಚಪ್ಪಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಹತ್ತುವುದು ಅಂದುಕೊಂಡಷ್ಟು ಸುಲಭ ಇರಲಿಲ್ಲ. ಕುಳಿತು ಕುಳಿತು ಬಿಗಿದ ಮೊಣಕಾಲು ಪ್ರತಿ ಬಂಡೆಗೂ ಜಗಳ ತೆಗೆಯಿತು. ಎತ್ತರದ ಕಲ್ಲು ಬಂದಾಗ ಕಾಡವ್ವ ಮೊದಲು ಕೈ ಊರಿ, ಆಮೇಲೆ ಒಂದು ಕಾಲು ಎಳೆದು, ಆಮೇಲೆ ಇನ್ನೊಂದು ಎಳೆದಳು. ನಾಜಿಯಾ ಕೈ ಚಾಚಿದಳು.

“ಕೈ ಬ್ಯಾಡ ಮಗಳ, ದಾರಿ ತೋರ್ಸು ಸಾಕು. ನಿನ್ನ ಹಿಡಕೊಂಡ್ರ ಕಾಲು ನಿನ್ನ ಮ್ಯಾಲ ಭಾರ ಹಾಕೂದ ಕಲೀತಾವ.”

ಮಾಸ್ತರರು ಕೆಳಗಿನ ತಿರುವಿನಲ್ಲೇ ಚೀಲ ಇಟ್ಟು ಏದುಸಿರು ಬಿಡುತ್ತಿದ್ದರು. ಅರ್ಧ ಹತ್ತಿದಾಗ ಹನಿ ಬಿತ್ತು. ನಾಜಿಯಾ ನಿಂತು ಮೇಲೆ ನೋಡಿದಳು. ಆಚೆ ದಂಡೆಯ ಮೇಲೆ ಮಳೆ ಬೂದು ಬಣ್ಣದ ಪರದೆಯಂತೆ ಇಳಿಯುತ್ತಿತ್ತು.

“ಆಯಿ, ಇಳಿಯೂಣೇನ?”

“ಈ ಮಳಿ ಇತ್ತ ಬರೂದಿಲ್ಲ. ಗಾಳಿ ಪಡುವಣ ಐತಿ, ಅದನ್ನ ರಾಮದುರ್ಗದ ಕಡೆ ಹೊತ್ತೊಯ್ತೈತಿ. ನಲವತ್ತ ವರ್ಷ ಕಾಯಿಗೆ ತಾಡಪತ್ರಿ ಹೊಚ್ಚಬೇಕೋ ಬ್ಯಾಡೋ ಅಂತ ಮೋಡಾನ ನೋಡೇನಿ. ನಡಿ.”

ಮೋಡ ಅವಳ ಮಾತು ಕೇಳಿತೋ, ಗಾಳಿ ಕೇಳಿತೋ, ಹನಿ ನಿಂತಿತು. ಕೊನೆಯ ಬಂಡೆಯನ್ನು ಕಾಡವ್ವ ಕುಳಿತೇ ಸರಿಯುತ್ತ ದಾಟಿದಳು. ಅಂಗೈ ತರಚಿತ್ತು, ಸೀರೆಗೆ ಕೆಂಪು ಕೆಸರು. ಎದ್ದು ನಿಂತಳು.

ನೀರು. ದಂಡೆಯ ಹತ್ತಿರ ಕೆಮ್ಮಣ್ಣಿನ ಬಣ್ಣ, ಮುಂದೆ ಮುಂದೆ ಹೋದಂತೆ ಶಾಲೆಯ ಕಲ್ಲುಪಾಟಿಯ ಬಣ್ಣ, ಅದರಾಚೆ ಆಕಾಶವೋ ನೀರೋ ತಿಳಿಯದ ಬಣ್ಣ. ಗಾಳಿ ಅದರ ಮೇಲೆ ಓಡಾಡಿದರೆ ಹಿರಿದಾದ ಬಟ್ಟೆಯನ್ನು ಜಾಡಿಸಿ ಹಾಸಿದ ಹಾಗೆ ಕಾಣುತ್ತಿತ್ತು. ಈ ಕಡೆ ನೋಡಿದರೆ ಎರಡು ಗುಡ್ಡಗಳ ನಡುವೆ ಹೊಳೆ ಕಲ್ಲು ಸೀಳಿ ಹೋದ ಸಂದಿ. ದೂರದಲ್ಲಿ ಉದ್ದಕ್ಕೆ ಮಲಗಿದ ಇನ್ನೊಂದು ಗುಡ್ಡ.

“ಅದು ಯಾವೂರ ಗುಡ್ಡ?”

“ನಿಮ್ಮದ, ಆಯಿ. ಯಲ್ಲಮ್ಮನ ಗುಡ್ಡ.”

ಕಾಡವ್ವ ಬಹಳ ಹೊತ್ತು ಅದನ್ನೇ ನೋಡಿದಳು. ಬುಡದಲ್ಲಿ ಕುಳಿತವಳಿಗೆ ಆ ಗುಡ್ಡಕ್ಕೆ ಇಷ್ಟು ಉದ್ದದ ಬೆನ್ನಿದೆ ಎಂದು ಯಾರೂ ಹೇಳಿರಲಿಲ್ಲ, ಇಷ್ಟು ಜನರ ಮಾತು ಕೇಳಿದರೂ.

“ಇತ್ತ ತಿರುಗ್ರಿ ಯಕ್ಕಾ, ಒಂದ ಫೋಟೋ,” ಎಂದಳು ಉಮಾಶ್ರೀ.

“ಬೆನ್ನಿಂದ ತಗೀರಿ. ನಾ ಈಗ ತಿರುಗೂದಿಲ್ಲ.”

ಏದುಸಿರು ಬಿಡುತ್ತ ಮಾಸ್ತರರೂ ಮೇಲೆ ಬಂದು ಕಾಲು ತಾಸು ಕಳೆಯಿತು. ಇಳಿಯುವ ಹೊತ್ತಾಯಿತೆಂದು ಮಾಸ್ತರರು ಗಡಿಯಾರ ತೋರಿಸಿ ಎದ್ದು ನಾಲ್ಕು ಹೆಜ್ಜೆ ಇಳಿದರು. ನಾಜಿಯಾ ಕಾಡವ್ವನ ಮುಖ ನೋಡಿದಳು. ಅವಳು ಆಗಷ್ಟೇ ಒಂದು ಸಪಾಟು ಕಲ್ಲು ಆರಿಸಿ, ಕಾಲು ಚಾಚಿ, ಸರಿಯಾಗಿ ಕುಳಿತುಕೊಳ್ಳುತ್ತಿದ್ದಳು.

“ನೀವು ನಡೀರಿ. ಬುಡಕ ಗಾಡಿ ಬರೂ ತನಕ ಕುಂತಿರ್ರಿ, ನಾ ನಿಧಾನ ಬರತೇನಿ,” ಎಂದಳು. “ಇನ್ನೂ ಅರ್ಧಾನೂ ನೋಡಿ ಆಗಿಲ್ಲ.”

ಶಟ್ಟೆವ್ವ ಇಳಿಯಲಿಲ್ಲ, ಪಕ್ಕದಲ್ಲಿ ಬಂದು ಕುಳಿತಳು. ಉಮಾಶ್ರೀ ಫೋನನ್ನು ಚೀಲಕ್ಕೆ ಹಾಕಿ ಕುಳಿತಳು. ನಾಲ್ಕು ಹೆಜ್ಜೆ ಇಳಿದ ಮಾಸ್ತರರು ಒಬ್ಬರೇ ನಿಂತು, ಏನೋ ಗೊಣಗಿ, ಅದೇ ನಾಲ್ಕು ಹೆಜ್ಜೆ ಮರಳಿ ಹತ್ತಿ ಬಂದರು. ಕೆಳಗೆ ಉಮೇರ ಬಂದು ಹಾರ್ನ್ ಬಾರಿಸಿದ. ಮತ್ತೊಮ್ಮೆ ಬಾರಿಸಿದ.

“ಬಾರಸ್ಲಿ ಬಿಡು,” ಎಂದಳು ಕಾಡವ್ವ, ನೀರಿನಿಂದ ಕಣ್ಣು ತೆಗೆಯದೆ.